ರೆಸಾರ್ಟಿನಿಂದ ಬಂದ ಮೇಲೆ ಮಾತು ಬಿಟ್ಟ ದಂಪತಿ

ಇಬ್ಬರ ಒಪ್ಪಿಗೆ ಪಡೆದೇ ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು, ಉದ್ಯೋಗ, ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ವಿದ್ಯಾ, ಸತೀಶ್ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವವರು. ಮಗಳಿಗೆ ಮೂರು ತುಂಬಿದೆ. ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಸತೀಶ್ ಅವರ ತಾಯಿ ಜೊತೆಗಿದ್ದಾರೆ. ಡಿಸೆಂಬರಿನಲ್ಲಿ ನಾಲ್ವರೂ ಉಡುಪಿ ಕಡೆಯ ಕಡಲತೀರದ ರೆಸಾರ್ಟೊಂದಕ್ಕೆ ಹೋಗಿ ಬಂದರು. ಬಂದ ಮೇಲೆ ಗಂಡ ಹೆಂಡತಿ ನಡುವೆ ಬೇಕಾದಷ್ಟಕ್ಕೇ ಮಾತು. ಆ ಸ್ಥಿತಿಯಲ್ಲೇ ನನ್ನ ಬಳಿ ಬಂದರು.

"ರಜೆ ಉಳಿಸಿ, ದುಡ್ಡು ಕೂಡಿಸಿ ಕರ್ಕೊಂಡು ಹೋದೆ ಮೇಡಂ. ಬಾಗಿಲು ತೆಗೆದ್ರೆ ಸಮುದ್ರ. ಅಡುಗೆ ಇಲ್ಲ, ಪಾತ್ರೆ ಇಲ್ಲ. ಇವಳಿಗೆ ಇನ್ನೇನು ಬೇಕಿತ್ತು?" ಎಂದರು ಸತೀಶ್.

ವಿದ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸ್ ಆಫೀಸಿಗೆ ಹೋದ ದಿನ ಉಸಿರು ಬಿಟ್ಟೆ" ಎಂದರು. ಅಳು ಬಂತು.

ಇನ್ನೊಂದು ಸಂಗತಿ ಮಾತಿನ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲ ಎಂಬಂತೆ ಹೊರಬಂತು. ಅಲ್ಲಿಂದ ಬಂದಾಗಿನಿಂದ ಪುಟ್ಟಿ ಸ್ನಾನಕ್ಕೆ ಬರುತ್ತಿಲ್ಲ. ಬಚ್ಚಲುಮನೆಯ ಬಾಗಿಲಲ್ಲೇ ಕಿರುಚುತ್ತಾಳೆ. ಅಪ್ಪ ಎತ್ತಿಕೊಂಡರೆ ಮೈ ಬಿಗಿ ಹಿಡಿಯುತ್ತಾಳೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು, ಆದರೆ ದೊಡ್ಡವರ ಜಗಳ ತುಸು ತಣ್ಣಗಾಗದೆ ಮಗುವಿನ ವಿಷಯಕ್ಕೆ ಕೈ ಹಾಕುವಂತಿರಲಿಲ್ಲ.

ವಿದ್ಯಾ ಅವರ ನಿದ್ರೆ, ಊಟ, ಕೆಲಸದ ಮೇಲಿನ ಆಸಕ್ತಿ, ಬದುಕು ಬೇಡ ಎನಿಸುವ ಯೋಚನೆ ಬರುತ್ತದೆಯೇ ಎಂಬುದನ್ನೆಲ್ಲ ಮೊದಲು ಕೇಳಿ ತಿಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಅದು ದಣಿವು, ದಣಿವನ್ನು ಯಾರೂ ಗಮನಿಸಲಿಲ್ಲ ಎಂಬ ನೋವು.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ರೆಸಾರ್ಟಿನ ಎರಡನೇ ದಿನವನ್ನು ಗಂಟೆಗಂಟೆಗೂ ಬರೆಯಲು ಹೇಳಿದೆ. ಒಬ್ಬರದನ್ನೊಬ್ಬರು ನೋಡುವ ಹಾಗಿಲ್ಲ. ಸತೀಶ್ ಬರೆದದ್ದು ಆರೇಳು ಸಾಲು: ತಿಂಡಿ, ಈಜುಕೊಳ, ಊಟ, ನಿದ್ದೆ, ಬೀಚು, ಸೂರ್ಯಾಸ್ತದ ಫೋಟೋ, ಊಟ. ವಿದ್ಯಾ ಅವರ ಹಾಳೆ ಎರಡೂ ಬದಿ ತುಂಬಿತ್ತು. ಐದೂವರೆಗೆ ಪುಟ್ಟಿ ಎದ್ದಳು, ಉಳಿದವರಿಗೆ ಎಚ್ಚರವಾಗಬಾರದೆಂದು ಹೊರಗೆ ಕರೆದುಕೊಂಡು ಹೋದದ್ದು. ಬಫೆಯಲ್ಲಿ ಖಾರವಿಲ್ಲದ್ದು ಏನಿದೆ ಎಂದು ಹುಡುಕಿದ್ದು, ಕೊನೆಗೆ ಮೊಸರನ್ನಕ್ಕೆ ಅಡುಗೆಮನೆಯವರನ್ನು ಕೇಳಿಕೊಂಡದ್ದು. ಸನ್‌ಸ್ಕ್ರೀನ್ ಹಚ್ಚಿದ್ದು. ಕೊಳದಿಂದ ಬಂದ ಒದ್ದೆ ಬಟ್ಟೆ ಹಿಂಡಿ ಬಾಲ್ಕನಿಯಲ್ಲಿ ಹರವಿದ್ದು. ಅತ್ತೆಯವರ ಬಿಪಿ ಮಾತ್ರೆ ನೆನಪಿಸಿದ್ದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೊಸ ಜಾಗದಲ್ಲಿ ನಿದ್ದೆ ಬಾರದ ಪುಟ್ಟಿಯನ್ನು ಕಾರಿಡಾರಿನಲ್ಲಿ ಆಡಿಸಿದ್ದು. ಹಾಸಿಗೆಯ ಮೇಲಿನ ಮರಳು ಕೊಡವಿದ್ದು.

ಹಾಳೆ ಅದಲು ಬದಲು ಮಾಡಿಸಿದೆ. ಸತೀಶ್ ಎರಡು ಸಲ ಓದಿದರು. ಅವರ ಇಡೀ ದಿನದಲ್ಲಿ ಮಗಳು ಬಂದದ್ದು ಫೋಟೋದಲ್ಲಿ ಮಾತ್ರ.

ಇದರಿಂದ ಸತೀಶ್ ಕೆಟ್ಟ ಗಂಡ ಎಂದು ಯಾರೂ ತಿಳಿಯಬಾರದು. ಸುಮಾರು ನಾನೂರು ಕಿಲೋಮೀಟರ್, ಶಿರಾಡಿ ಘಾಟಿಯ ತಿರುವುಗಳೂ ಸೇರಿದಂತೆ ಒಬ್ಬರೇ ಕಾರು ಓಡಿಸಿದ್ದಾರೆ. ಘಾಟಿಯಲ್ಲಿ ಮಗು ವಾಂತಿ ಮಾಡಿಕೊಂಡಾಗ ಸೀಟು ತೊಳೆದವರೂ ಅವರೇ. ರೂಮು ಹುಡುಕಿದ್ದು, ಖರ್ಚು ಹೊಂದಿಸಿದ್ದು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಕಾಪು ದೀಪಸ್ತಂಭ, ಕೃಷ್ಣಮಠ ಎಂದು ಪಟ್ಟಿ ಮಾಡಿದ್ದು ಎಲ್ಲವೂ ಮನೆಯವರು ಖುಷಿಯಾಗಿರಲಿ ಎಂದೇ. ತಲುಪಿದೊಡನೆ ತನ್ನ ಪಾಲಿನ ಕೆಲಸ ಮುಗಿಯಿತು ಎಂದು ಅವರ ಮನಸ್ಸು ಲೆಕ್ಕ ಹಾಕಿತು. ವಿದ್ಯಾ ಅವರ ಕೆಲಸಕ್ಕೆ ತಲುಪುವ ಜಾಗ ಅಂತ ಒಂದಿಲ್ಲ. ಇದು ಇವರೊಬ್ಬರ ಮನೆಯ ಕಥೆಯೂ ಅಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97 ನಿಮಿಷ. ಊರು ಬದಲಾಯಿಸಿದ ಮಾತ್ರಕ್ಕೆ ಈ ಅಭ್ಯಾಸ ಮನೆಯಲ್ಲೇ ಉಳಿದುಬಿಡುವುದಿಲ್ಲ. ಮಗುವಿನ ವಿಷಯದಲ್ಲಂತೂ ಹೊರಗೆ ಕೆಲಸ ಹೆಚ್ಚೇ, ಏಕೆಂದರೆ ಗೊತ್ತಿರುವ ತಟ್ಟೆ, ಗೊತ್ತಿರುವ ಹಾಸಿಗೆ, ಪಕ್ಕದ ಮನೆಯ ಆಂಟಿ ಯಾವುದೂ ಅಲ್ಲಿರುವುದಿಲ್ಲ.

ಮುಂದಿನ ಭೇಟಿಗೆ ಸತೀಶ್ ಅವರ ತಾಯಿಯನ್ನೂ ಕರೆಸಿದೆ. ಮಗನ ಪರ ಮಾತಾಡುತ್ತಾರೆ ಎಂದು ವಿದ್ಯಾ ಅಂದುಕೊಂಡಿದ್ದರು. ಅವರು ಹೇಳಿದ್ದೇ ಬೇರೆ. "ನಮ್ಮ ಕಾಲದಲ್ಲಿ ರಜೆ ಅಂದ್ರೆ ತವರಿಗೆ ಹೋಗೋದು ಕಣಮ್ಮ. ಅಲ್ಲಿ ಮಗೂನ ಎಲ್ಲಿ ಮಲಗಿಸಿದ್ರು, ಏನು ತಿನ್ನಿಸಿದ್ರು ಅಂತ ನಾನು ಕೇಳ್ತಾನೇ ಇರ್ಲಿಲ್ಲ. ನಮ್ಮಮ್ಮ, ಅಕ್ಕ, ಅತ್ತಿಗೆ ಯಾರೋ ಎತ್ಕೊಂಡಿರೋರು. ಎರಡು ದಿನ ಬರೀ ನಿದ್ದೆ ಮಾಡ್ತಿದ್ದೆ. ಇವನು ಆ ಸಮುದ್ರದ ಹತ್ರ ಕರ್ಕೊಂಡು ಹೋದಾಗ ನನ್ನ ಸೊಸೆ ಒಂದು ದಿನಾನೂ ಹಾಗೆ ಮಲಗ್ಲಿಲ್ಲ, ನಾನೂ ನೋಡ್ದೆ." ಇದಕ್ಕಿಂತ ಸರಿಯಾಗಿ ನಾನು ವಿವರಿಸಲಾರೆ. ಕೇಳದೆಯೇ ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಇದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಇಲ್ಲ. ರೆಸಾರ್ಟು ಹಾಸಿಗೆ, ಊಟ ಕೊಡುತ್ತದೆ. ಆ ಕೈಯನ್ನು ಮನೆಯವರೇ ಕೊಡಬೇಕು.

ಇನ್ನು ಪುಟ್ಟಿಯ ಹೆದರಿಕೆ. ಮೊದಲ ಸಂಜೆಯೇ ಆದದ್ದು ಇದು. ಅಲೆ ಕಾಲಿಗೆ ತಾಗಿದ್ದೇ ತಡ ಹಿಂದಕ್ಕೆ ಓಡಿದಳು. "ಹೆದರ್ಬಾರ್ದು, ಅಪ್ಪ ಇದೀನಲ್ಲ" ಎಂದು ಸತೀಶ್ ಎತ್ತಿಕೊಂಡು ನೀರಿಗಿಳಿದರು. ಅವಳು ಬೇಡ ಬೇಡ ಎಂದು ಕಿರುಚಿದಳು, ಅಷ್ಟರಲ್ಲಿ ಒಂದು ಅಲೆ ಮುಖಕ್ಕೆ ಹೊಡೆಯಿತು, ಮೂಗಿಗೆ ಬಾಯಿಗೆ ಉಪ್ಪುನೀರು. ಸುತ್ತ ಇದ್ದವರು ನಕ್ಕರು. ಧೈರ್ಯ ಬರಲಿ ಎಂಬುದೇ ಅಪ್ಪನ ಉದ್ದೇಶವಾಗಿತ್ತು. ಎಷ್ಟೋ ಅಪ್ಪಂದಿರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು ಅನ್ನಿಸುತ್ತದೆ.

ಮೂರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ 95 ಸೆಂಟಿಮೀಟರ್. ನಮ್ಮ ಮೊಣಕಾಲಿಗೆ ಬರುವ ಅಲೆ ಅವಳ ಹೊಟ್ಟೆಗೆ ಬರುತ್ತದೆ. ಸದ್ದು ನಮಗಿಂತ ಹತ್ತಿರದಿಂದ ಕೇಳುತ್ತದೆ, ಕಾಲಡಿಯ ಮರಳು ಜಾರುತ್ತದೆ, ಬಂದ ನೀರು ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜು ಇರುವುದಿಲ್ಲ. ಹೆದರುವುದು ಅವಳ ಮಟ್ಟಿಗೆ ಸರಿಯಾದ ತೀರ್ಮಾನ. ಬೇಡ ಎಂದಾಗಲೂ ಎತ್ತಿಕೊಂಡು ಹೋದರೆ ಮಗು ಎರಡು ಪಾಠ ಕಲಿಯುತ್ತದೆ: ನೀರು ಅಪಾಯ, ಹೆದರಿದಾಗ ಅಪ್ಪ ನನ್ನ ಮಾತು ಕೇಳುವುದಿಲ್ಲ. ಎರಡನೆಯದು ನನಗೆ ಹೆಚ್ಚು ಚಿಂತೆಯ ವಿಷಯ.

ಸತೀಶ್ ಅವರಿಗೆ ಮಗಳ ಮುಂದೆ ಕೂತು, ಅವಳ ಕಣ್ಣಿನ ಮಟ್ಟಕ್ಕೆ ಇಳಿದು, "ನೀನು ಬೇಡ ಅಂದಾಗ ಅಪ್ಪ ಕೇಳ್ಬೇಕಿತ್ತು. ಇನ್ನು ಕೇಳ್ತೀನಿ" ಎಂದು ಹೇಳಲು ಸೂಚಿಸಿದೆ. ಇಷ್ಟು ಚಿಕ್ಕ ಮಗುವಿಗೆ ಅರ್ಥವಾಗುತ್ತದೆಯೇ ಎಂದು ಕೇಳಿದರು. ಖಂಡಿತ ಆಗುತ್ತದೆ, ಅದೂ ಮಾತಿನಂತೆ ನಡೆದುಕೊಂಡರೆ ಇನ್ನೂ ಚೆನ್ನಾಗಿ.

ಸ್ನಾನಕ್ಕೆ ಬಲವಂತ ನಿಲ್ಲಿಸಲು ಹೇಳಿದೆ. ಕೆಲವು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ನಷ್ಟವೇನಿಲ್ಲ. ಬಚ್ಚಲಿನ ಹೊರಗೆ ಒಂದು ಟಬ್ಬಿನಲ್ಲಿ ಎರಡು ಬೆರಳಿನಷ್ಟು ಬೆಚ್ಚನೆ ನೀರು, ಒಂದು ಲೋಟ, ಅವಳ ಗೊಂಬೆ. ಗೊಂಬೆಗೆ ಅವಳೇ ಸ್ನಾನ ಮಾಡಿಸಲಿ, ಆಮೇಲೆ ತನ್ನ ಕಾಲಿಗೆ ತಾನೇ ಹುಯ್ದುಕೊಳ್ಳಲಿ. ಲೋಟ ಅವಳ ಕೈಯಲ್ಲೇ ಇರಬೇಕು. ತಲೆಗೆ ನೀರು ಹುಯ್ಯುವುದು ಎಲ್ಲಕ್ಕಿಂತ ಕೊನೆಗೆ. ಟಬ್ಬಿನಲ್ಲಿ ನೀರು ಎಷ್ಟೇ ಕಡಿಮೆ ಇರಲಿ, ಮಗುವನ್ನು ಬಿಟ್ಟು ಏಳಬಾರದು, ಆಟ ಮುಗಿದೊಡನೆ ಚೆಲ್ಲಬೇಕು. ಅಲೆ ಹೊಡೆದ ಕಥೆಯನ್ನು ಅವಳು ಮತ್ತೆ ಮತ್ತೆ ಹೇಳಿದರೆ "ಅದೇನೂ ಆಗ್ಲಿಲ್ಲ ಬಿಡು" ಎಂದು ಮುಚ್ಚಿಹಾಕದೆ ಕೇಳಿಸಿಕೊಳ್ಳಿ ಎಂದೆ. ಮಕ್ಕಳು ಹೆದರಿಕೆಯನ್ನು ಹೇಳಿ ಹೇಳಿಯೇ, ಆಡಿ ಆಡಿಯೇ ಕರಗಿಸಿಕೊಳ್ಳುತ್ತಾರೆ. ಹೀಗೆಲ್ಲ ಮಾಡಿದ ಮೇಲೂ ವಾರಗಟ್ಟಲೆ ಕಡಿಮೆಯಾಗದೆ ನಿದ್ರೆ ಊಟ ಕೆಡುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಯಾವ ಊರಿನವರಾದರೂ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದೊಡ್ಡವರಿಗೆ ಕೊಟ್ಟ ಸಲಹೆ ಒಂದೇ: ಸಹಾಯ ಮಾಡುವುದು ಬೇಡ, ಪಾಳಿ ವಹಿಸಿಕೊಳ್ಳಿ. "ಏನಾದ್ರೂ ಬೇಕಾದ್ರೆ ಹೇಳು" ಎನ್ನುವುದರಲ್ಲಿ ನೆನಪಿಡುವ, ಹೇಳುವ ಕೆಲಸ ಇನ್ನೂ ಹೆಂಡತಿಯ ತಲೆಯಲ್ಲೇ ಉಳಿಯುತ್ತದೆ. ಬೆಳಗ್ಗೆ ಆರರಿಂದ ಒಂಬತ್ತು ಅಪ್ಪನದು ಎಂದರೆ ಹಲ್ಲುಜ್ಜಿಸುವುದು, ಮಲ, ಮೂತ್ರ, ತಿಂಡಿ, ಹಟ, ಬಟ್ಟೆ ಎಲ್ಲ ಅಪ್ಪನದು. ವಿದ್ಯಾ ಆಗ ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಎನ್ನಬಾರದು. ಇದು ಅವರಿಗೆ ಬಲು ಕಷ್ಟ ಎಂದು ಅವರೇ ಹೇಳಿದರು. ಅಂಗಿ ಉಲ್ಟಾ ಹಾಕಿದರೂ ಮಗು ಬೆಳೆಯುತ್ತದೆ, ಬಿಡಿ ಎಂದೆ.

ನೀರಿನ ಹತ್ತಿರವಂತೂ ಈ ಪಾಳಿಯನ್ನು ಬಾಯಿಬಿಟ್ಟೇ ಹೇಳಬೇಕು. "ಈಗ ನಾನು ನೋಡ್ಕೋತಿದೀನಿ", "ಸರಿ, ನಾನು ಹೋಗ್ತೀನಿ." ಮಗು ಮುಳುಗುವಾಗ ಕೂಗಾಟ ಇರುವುದೇ ಕಡಿಮೆ. ನಾಲ್ಕು ಜನ ದೊಡ್ಡವರಿದ್ದೂ, ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಪಾಳಿಯವರು ಕೈಗೆಟುಕುವ ದೂರದಲ್ಲಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ತೋಳಿಗೆ ಹಾಕುವ ಗಾಳಿಚೀಲವನ್ನು ನಂಬಿ ಕೂರಬಾರದು. ರೆಸಾರ್ಟಿನ ಕೊಳಕ್ಕೂ ಇದೇ ಮಾತು.

ದಿನಚರಿಯ ಬಗ್ಗೆಯೂ ಮಾತಾಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ರೆ ಬೇಕು. ಪುಟ್ಟಿಗೆ ಅಲ್ಲಿ ಒಂದು ದಿನವೂ ಅಷ್ಟು ಸಿಕ್ಕಿರಲಿಲ್ಲ. ನಿದ್ದೆಗೆಟ್ಟ ಮಗುವಿನ ಹಟಕ್ಕೆ ಶಿಸ್ತು ಮದ್ದಲ್ಲ. ದಿನಕ್ಕೆ ಒಂದೇ ಜಾಗ, ಮಧ್ಯಾಹ್ನ ಕೋಣೆ ಕತ್ತಲು ಮಾಡಿ ಮಲಗಿಸುವುದು, ಮನೆಯಿಂದ ಅವಳ ಹೊದಿಕೆ ಒಯ್ಯುವುದು, ಇಷ್ಟು ಮಾಡಿದರೂ ಎಷ್ಟೋ ಸುಧಾರಿಸುತ್ತದೆ. ಪಟ್ಟಿಯಲ್ಲಿ ಉಳಿದ ಜಾಗಗಳು ಎಲ್ಲೂ ಹೋಗುವುದಿಲ್ಲ.

ಇತ್ತೀಚೆಗೆ ಮತ್ತೆ ಬಂದಿದ್ದರು. ಪುಟ್ಟಿ ಟಬ್ಬಿನಲ್ಲಿ ಕೂರುತ್ತಾಳೆ, ತಲೆಗೆ ಇನ್ನೂ ಬಿಡುವುದಿಲ್ಲ. ಶನಿವಾರ, ಭಾನುವಾರದ ಬೆಳಗು ಸತೀಶ್ ಅವರದು. ವಿದ್ಯಾ ಮಾತ್ರ ಆ ಹೊತ್ತಿನಲ್ಲಿ ವಾಷಿಂಗ್ ಮೆಷಿನ್ ಹಾಕಿ, ಸೊಪ್ಪು ಬಿಡಿಸಿಡುತ್ತಿದ್ದರು. ಸುಮ್ಮನೆ ಕೂತರೆ ತಪ್ಪು ಮಾಡಿದಂತೆ ಅನ್ನಿಸುತ್ತದೆ ಎಂದರು. ಅದನ್ನು ನಾವಿನ್ನೂ ಬಿಡಿಸಬೇಕಿದೆ. ಸದ್ಯಕ್ಕೆ ಆ ಮೂರು ಗಂಟೆ ಮನೆಯಿಂದ ಹೊರಗಿರಲು ಹೇಳಿದ್ದೇನೆ, ಗೆಳತಿಯ ಮನೆಯಾದರೂ ಸರಿ, ಪಾರ್ಕಿನ ಬೆಂಚಾದರೂ ಸರಿ.

ಮತ್ತೆ ಸಮುದ್ರಕ್ಕೆ ಯಾವಾಗ ಹೋಗಬಹುದು ಎಂದು ಸತೀಶ್ ಕೇಳಿದರು. ಮಳೆಗಾಲದ ಅಬ್ಬರದ ಕಡಲು ಬೇಡ, ಅದು ಕಳೆದ ಮೇಲೆ ನೋಡಿ ಎಂದೆ. ಜೀವರಕ್ಷಕರಿರುವ, ಈಜಲು ಜಾಗ ಗುರುತು ಮಾಡಿರುವ ತೀರ ಆರಿಸಿಕೊಳ್ಳಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಬ್ಲೂ ಫ್ಲ್ಯಾಗ್. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿ, ಹೊನ್ನಾವರದ ಹತ್ತಿರದ ಕಾಸರಕೋಡು ಇಂಥವು. ಮೊದಲ ದಿನ ನೀರಿಗಿಳಿಯುವ ಯೋಚನೆಯೇ ಬೇಡ. ಅಲೆ ಮುಟ್ಟದ ಒಣ ಮರಳಿನಲ್ಲಿ ಚಾಪೆ ಹಾಸಿ, ಬಕೆಟ್ಟು, ಸೌಟು ಕೊಟ್ಟು ಕೂರಿಸಿ. ಅವಳಾಗಿ ಮುಂದೆ ಹೋದರೆ ಕೈ ಹಿಡಿದು ಜೊತೆಗೆ ಹೋಗಿ, ನಿಂತರೆ ನೀವೂ ನಿಲ್ಲಿ, ಹಿಂದೆ ಬಂದರೆ ಹಿಂದೆ ಬನ್ನಿ. ನಾಲ್ಕು ದಿನವೂ ಅವಳು ಮರಳಲ್ಲೇ ಆಡಿದರೆ ಹಾಗೇ ವಾಪಸ್ ಬನ್ನಿ, ದುಡ್ಡು ದಂಡವಾಯಿತು ಎಂದು ಅವಳ ಮುಂದೆ ಆಡಬೇಡಿ.