ಪ್ರಣಾಳಿಕೆಯಲ್ಲಿ ಸಾಲದ ಲೆಕ್ಕ ಎಲ್ಲಿದೆ?

ಪ್ರಶ್ನೆ: ಯಾವ ಪಕ್ಷ ಗೆದ್ದರೂ ಭರವಸೆಗಳನ್ನು ಸಾಲ ಮಾಡಿಯೇ ಈಡೇರಿಸುವುದು ಅಲ್ವಾ? ಎಷ್ಟು ಸಾಲ ಮಾಡುತ್ತಾರೆ ಅಂತ ಮೊದಲೇ ತಿಳಿಯುವುದು ಹೇಗೆ?

ಉತ್ತರ: ಪ್ರತಿ ಚುನಾವಣೆಗೂ ಇದೇ ಪ್ರಶ್ನೆ. ಊಹೆ ಬಿಡಿ, ಬಜೆಟ್ ತೆಗೆಯಿರಿ. 2025-26ಕ್ಕೆ ಕರ್ನಾಟಕ 1,16,000 ಕೋಟಿ ರೂಪಾಯಿ ಸಾಲ ಎತ್ತುವ ಅಂದಾಜು ಇಟ್ಟಿತು. ಅದರಲ್ಲಿ 26,474 ಕೋಟಿ ಹಳೇ ಸಾಲ ತೀರಿಸುವುದಕ್ಕೇ ಬೇಕು. 19,262 ಕೋಟಿ ರಾಜಸ್ವ ಕೊರತೆ ತುಂಬಲು. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿ ಎಲ್ಲ ಕಳೆದಾಗ ಆದಾಯದಲ್ಲಿ ಅಷ್ಟು ಕಮ್ಮಿ. ಉಳಿದದ್ದು ರಸ್ತೆ, ನೀರಾವರಿಯಂಥ ಬಂಡವಾಳ ವೆಚ್ಚಕ್ಕೆ. ಗ್ಯಾರಂಟಿಗೆ ಇಟ್ಟದ್ದು 51,034 ಕೋಟಿ. ರಾಜಸ್ವ ಕೊರತೆ ತುಂಬುವ ಸಾಲ ಅದಕ್ಕಿಂತ ಕಮ್ಮಿ, ಆದರೆ ಸೊನ್ನೆಯೂ ಅಲ್ಲ. ಹಾಗಾಗಿ ‘ಗ್ಯಾರಂಟಿ ಪೂರ್ತಿ ಸಾಲದ ದುಡ್ಡು’ ಅನ್ನುವವರೂ ಸುಳ್ಳು, ‘ಸಾಲಕ್ಕೂ ಗ್ಯಾರಂಟಿಗೂ ಸಂಬಂಧವೇ ಇಲ್ಲ’ ಅನ್ನುವವರೂ ಸುಳ್ಳು.

ಯಾರೂ ಕೇಳದ ವಿಷಯ ಇನ್ನೊಂದಿದೆ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ವಿತ್ತೀಯ ಕೊರತೆ (ಸಾಲ ಬಿಟ್ಟು ಬರುವ ಆದಾಯಕ್ಕಿಂತ ಒಟ್ಟು ಖರ್ಚು ಎಷ್ಟು ಹೆಚ್ಚು ಅನ್ನುವುದು) ಜಿಎಸ್‌ಡಿಪಿಯ, ಅಂದರೆ ರಾಜ್ಯದ ಒಂದು ವರ್ಷದ ಒಟ್ಟು ಉತ್ಪನ್ನದ, ಶೇ 3 ದಾಟಬಾರದು, ಒಟ್ಟು ಸಾಲ ಶೇ 25 ದಾಟಬಾರದು. ಅದೇ ಬಜೆಟ್‌ನಲ್ಲಿ ಕೊರತೆ ಶೇ 2.95, ಸಾಲ ಶೇ 24.91. ಕೊರತೆಯಲ್ಲಿ ಉಳಿದ ಜಾಗವನ್ನು ರೂಪಾಯಿಗೆ ತಿರುಗಿಸಿದರೆ ಸುಮಾರು 1,500 ಕೋಟಿ. ಅಷ್ಟೇ. ಇನ್ನು ನಾಳೆ ಒಬ್ಬರು ವೇದಿಕೆ ಹತ್ತಿ 20,000 ಕೋಟಿಯ ಹೊಸ ಯೋಜನೆ ಘೋಷಿಸಿದರೆ ದುಡ್ಡು ಎಲ್ಲಿಂದ? ತೆರಿಗೆ ಏರಿಸಬೇಕು, ಬೇರೆ ಖರ್ಚು ಕಡಿಯಬೇಕು, ಇಲ್ಲವೇ ಕಾಮಗಾರಿಗಳನ್ನು ಮುಂದೂಡಬೇಕು. ಮೂರನೆಯದೇ ಸುಲಭ. ಗುತ್ತಿಗೆದಾರರ ಬಾಕಿ ಬಿಲ್ ಬೆಳೆಯುವುದು ಹೀಗೇ. ಸರ್ಕಾರಿ ನಿಗಮಗಳ ಹೆಸರಲ್ಲಿ ಸಾಲ ಎತ್ತಿ ಬಜೆಟ್‌ನಿಂದ ತೀರಿಸುವ ಕಳ್ಳದಾರಿಯೂ ಇತ್ತು. ಈಗ ಅದನ್ನೂ ಕೇಂದ್ರ ರಾಜ್ಯದ ಸಾಲಕ್ಕೇ ಸೇರಿಸುತ್ತದೆ.

ಭರವಸೆಗೆ ದುಡ್ಡು ಹೇಗೆ ಹೊಂದಿಸುತ್ತೀರಿ ಅಂತ ಪ್ರಣಾಳಿಕೆಯಲ್ಲಿ ಸ್ಥೂಲವಾಗಿಯಾದರೂ ಹೇಳಿ ಎಂದು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯೇ ಹೇಳುತ್ತದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸೇರಿದ ಮಾತಿದು. ಯಾರು ಕಿವಿಗೆ ಹಾಕಿಕೊಂಡರು? 2023ರಲ್ಲಿ ಕಾಂಗ್ರೆಸ್‌ನ ಐದು ಗ್ಯಾರಂಟಿ, ಬಿಜೆಪಿಯ ಅರ್ಧ ಲೀಟರ್ ನಂದಿನಿ ಹಾಲು, ಜೆಡಿಎಸ್‌ನ ಉಚಿತ ಸಿಲಿಂಡರ್ ನಿಮಗೆ ನೆನಪಿರುತ್ತದೆ. ಅದಕ್ಕೆ ಎಷ್ಟು ಸಾಲ ಅಂತ ನಿಮ್ಮೂರಿನ ಪ್ರಚಾರ ಸಭೆಯಲ್ಲಿ ಒಬ್ಬರಾದರೂ ಕೇಳಿದ್ದರಾ? 2028ರಲ್ಲಿ ಮನೆ ಬಾಗಿಲಿಗೆ ಬಂದವರನ್ನು ಕೇಳಿ: ಹೊಸ ತೆರಿಗೆಯೋ, ಯಾವ ಖರ್ಚಿಗೆ ಕತ್ತರಿಯೋ? ‘ಸೋರಿಕೆ ತಡೆದು ಹೊಂದಿಸುತ್ತೇವೆ’ ಅಂದರೆ ಉತ್ತರ ಇಲ್ಲ ಅಂತ ಬರೆದುಕೊಳ್ಳಿ.

ಪ್ರಶ್ನೆ: ಪ್ರತಿ ಕನ್ನಡಿಗನ ತಲೆ ಮೇಲೆ ಒಂದು ಲಕ್ಷ ಸಾಲ ಇದೆಯಂತೆ. ನಾವು ಕಟ್ಟಬೇಕಾ?

ಉತ್ತರ: ಇಲ್ಲ. ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ ಹೆದರಿಸುವ ಯೂಟ್ಯೂಬ್ ಪಂಡಿತರು ಅದೇ ತಲೆಗೆ ಎಷ್ಟು ಆದಾಯ ಬರುತ್ತದೆ ಅಂತ ಯಾವತ್ತೂ ಹೇಳುವುದಿಲ್ಲ.

ಪ್ರಶ್ನೆ: ನೋಟು ಮುದ್ರಿಸಿ ಸಾಲ ತೀರಿಸಬಾರದೇಕೆ?

ಉತ್ತರ: ರಾಜ್ಯಕ್ಕೆ ಆ ಅಧಿಕಾರವೇ ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ರಾಜ್ಯದ ಸಾಲಪತ್ರವನ್ನು ನನ್ನಂಥವರು ಕೊಳ್ಳಬಹುದಾ?

ಉತ್ತರ: ಕೊಳ್ಳಬಹುದು. ಆರ್‌ಬಿಐನ ರಿಟೇಲ್ ಡೈರೆಕ್ಟ್ ಖಾತೆ 2021ರಿಂದ ಇದೆ, ಖಾತೆ ತೆರೆಯಲು ಶುಲ್ಕವಿಲ್ಲ. ಆದರೆ ಅವಧಿ ಉದ್ದ, ಮಧ್ಯೆ ಮಾರಲು ಹೋದರೆ ಬೆಲೆ ಇಳಿದಿರಬಹುದು. ಮಗಳ ಮದುವೆ ಎರಡು ವರ್ಷದಲ್ಲಿದ್ದರೆ ಇದರ ತಂಟೆಗೆ ಹೋಗಬೇಡಿ. ಕಮಿಷನ್ ಕೇಳುವ ಏಜೆಂಟ್ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ.