ಪುರಾಣ ಕಥೆ ಅಂದರೆ ಸುಳ್ಳು ಕಥೆ ಅಲ್ವಾ?

ನಿಮ್ಮ ಪ್ರಶ್ನೆ ಇದು: ಮಂಗಳೂರಿಗೆ ಬಂದು ವರ್ಷವಾಯಿತು, ಎಲ್ಲಿ ನೋಡಿದರೂ ಕೋಲ, ನೇಮ ಅಂತ ದೈವಗಳ ಆರಾಧನೆ. ಈ ಪುರಾಣ, ದೈವದ ಕಥೆಗಳೆಲ್ಲ ಕಟ್ಟುಕಥೆ ಅಲ್ವಾ, ಈ ಕಾಲದಲ್ಲೂ ಇವು ಯಾಕೆ ಬೇಕು?

ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಒಂದೇ ಕಥೆ ಹಿಡಿದುಕೊಂಡು ಹೇಳುತ್ತೇನೆ.

ಕಾರ್ಕಳದ ಗೊಮ್ಮಟನನ್ನು ನೀವು ನೋಡಿರಬಹುದು. ಸುಮಾರು 42 ಅಡಿ ಎತ್ತರ. ವೀರಪಾಂಡ್ಯ ಅರಸ 1432ರಲ್ಲಿ ನಿಲ್ಲಿಸಿದ್ದು. ಶಾಸನದಲ್ಲಿ ಅರಸನ ಹೆಸರಿದೆ. ಕೆತ್ತಿದವನು ಯಾರು? ಅದನ್ನು ತುಳು ಪಾಡ್ದನ, ಅಂದರೆ ಬಾಯಿಂದ ಬಾಯಿಗೆ ಬಂದ ಕಥೆಹಾಡು, ಹೇಳುತ್ತದೆ. ಅವನು ಕಲ್ಕುಡ. ಕೆಲಸ ಮುಗಿದ ಮೇಲೆ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಇಂಥ ಇನ್ನೊಂದು ಮೂರ್ತಿ ಬೇರೆ ಊರಲ್ಲಿ ಏಳಬಾರದು ಅಂತ. ಕಲ್ಕುಡ ಸುಮ್ನೆ ಕೂರಲಿಲ್ಲ. ವೇಣೂರಿಗೆ ಹೋಗಿ, ಉಳಿದ ಒಂದೇ ಕೈ, ಒಂದೇ ಕಾಲಿನಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ನೋಡಿ ಉರಿದುಬಿದ್ದಳು. ಇಬ್ಬರೂ ಕಾಯ ಬಿಟ್ಟು ಮಾಯಕ್ಕೆ ಸಂದರು, ದೈವಗಳಾದರು. ಆಮೇಲೆ ಆ ಅರಸನಿಗೆ ನೆಮ್ಮದಿ ಇರಲಿಲ್ಲ.

ಈಗ ಲೆಕ್ಕ ಹಾಕಿ. ವೇಣೂರಿನ ಗೊಮ್ಮಟ ಎದ್ದದ್ದು 1604ರಲ್ಲಿ, ತಿಮ್ಮಣ್ಣ ಅಜಿಲನ ಕಾಲದಲ್ಲಿ. ನಡುವೆ 172 ವರ್ಷ. ಎರಡನ್ನೂ ಒಬ್ಬನೇ ಕೆತ್ತಲು ಸಾಧ್ಯವೇ ಇಲ್ಲ. ಕಾಲೇಜಿನಲ್ಲಿದ್ದಾಗ ಈ ಲೆಕ್ಕ ಗೊತ್ತಾಗಿ, ನೇರ ಅಜ್ಜಿಯ ಹತ್ತಿರ ಹೋಗಿ ಹೇಳಿದೆ. ಅವರು ಗದ್ದೆಯಲ್ಲಿ ನೇಜಿ ನೆಡುತ್ತಾ ಈ ಪಾಡ್ದನ ಹಾಡಿದವರು. ಅಜ್ಜಿ ಸಿಟ್ಟಾಗಲಿಲ್ಲ. "ವರ್ಷ ನನಗೆ ಗೊತ್ತಿಲ್ಲ ಮಗಾ. ಕೆಲಸ ಮಾಡಿಸಿಕೊಂಡು ಕೈ ಕಡಿಯುವವರು ಇಲ್ಲವಾ ಹೇಳು" ಎಂದರು.

ನನಗೆ ಪುರಾಣ ಅಂದರೆ ಏನೆಂದು ಅರ್ಥವಾದದ್ದು ಆವತ್ತು. ತಾರೀಕು ಬೇಕಾದರೆ ಶಾಸನ ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲಿನ ಮೇಲೆ ಬರೆಸುವ ಶಕ್ತಿ ಇದ್ದದ್ದು ಅರಸನಿಗೆ. ಉಳಿ ಹಿಡಿದವನ ನೋವು ಬರೆದಿಡುವವರು ಇರಲಿಲ್ಲ, ಹಾಡುವವರು ಇದ್ದರು. ಹಲವು ತಲೆಮಾರುಗಳ ಕೆಲಸಗಾರರ ಸಂಕಟ ಸೇರಿ ಒಬ್ಬ ಕಲ್ಕುಡ ಆಗಿರಬೇಕು ಅಂತ ನನಗೆ ಅನಿಸುತ್ತದೆ. ಪರಶುರಾಮ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿದ ಕಥೆಯೂ ನಮ್ಮದೇ, ಅದೂ ಇಷ್ಟವೇ. ಆದರೆ ಮನಸ್ಸಿಗೆ ಜಾಸ್ತಿ ಹತ್ತಿರ ಕಲ್ಕುಡನೇ.

ಎಲ್ಲ ಪುರಾಣವೂ ಹೀಗೆ ಬಡವರ ಪರ ಅಂತ ನಾನು ಹೇಳುವುದಿಲ್ಲ. ಜನರನ್ನು ದೂರ ಇಡಲು, ಹೆದರಿಸಲು ಬಳಸಿದ ಕಥೆಗಳೂ ಇವೆ. ಅದಕ್ಕೇ ಯಾವ ಕಥೆ ಯಾರ ಬಾಯಿಂದ ಬಂತು ಅಂತ ಕೇಳಬೇಕು.

ಈಗಿನ ಕಾಲಕ್ಕೆ ಬನ್ನಿ. ನಾನಿರುವ ಫ್ಲಾಟಿನ ಗೇಟಿನಲ್ಲಿ ಕಟ್ಟಿಸಿದವರ ಹೆಸರು ದೊಡ್ಡದಾಗಿ ಇದೆ. ಅದನ್ನು ಕಟ್ಟುವಾಗ ದೂರದ ಊರಿಂದ ಬಂದ ಒಬ್ಬ ಹುಡುಗ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ಊರಿಗೆ ವಾಪಸ್ ಹೋದ ಅಂತ ವಾಚ್‌ಮನ್ ಹೇಳಿದರು. ಅವನ ಹೆಸರು ಕೇಳಿದೆ. ಇಡೀ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಲ್ಕುಡನ ಹೆಸರು ಮಾತ್ರ ಇಷ್ಟು ವರ್ಷಗಳ ಮೇಲೂ ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು.

ಮುಂದಿನ ಸಲ ಕೋಲಕ್ಕೆ ಹೋದಾಗ ಸ್ವಲ್ಪ ಬೇಗ ಹೋಗಿ. ದೈವದ ವೇಷ ಹಾಕುವವರ ಬೆನ್ನಿಗೆ ಅಣಿ ಎಂಬ ದೊಡ್ಡ ಅಲಂಕಾರ ಕಟ್ಟುವ ಮೊದಲು, ಮುಖಕ್ಕೆ ಬಣ್ಣ ಹಚ್ಚುವ ಹೊತ್ತಿಗೆ, ತೆಂಬರೆ ಎಂಬ ಚರ್ಮವಾದ್ಯ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ಜನ ಆಗ ಇನ್ನೂ ಚಾ ಕುಡಿಯುತ್ತಾ ಹೊರಗಿರುತ್ತಾರೆ. ನೀವು ಹತ್ತಿರ ಹೋಗಿ ಕೂತುಕೊಳ್ಳಿ. ತುಳು ಅರ್ಥವಾಗದಿದ್ದರೆ ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ, ಖಂಡಿತ ಹೇಳುತ್ತಾರೆ.