ಕಂಪ್ಯೂಟರ್ ಪ್ರಶ್ನೋತ್ತರ: ಇರುವ ಫೈರ್‌ವಾಲ್ ಆಫ್ ಮಾಡಿಸಬೇಡಿ

ಪ್ರಶ್ನೆ: ನಾನು ತಿಪಟೂರಿನ ನಿವೃತ್ತ ಶಿಕ್ಷಕ. ಮನೆಯಲ್ಲಿ ವಿಂಡೋಸ್ 11 ಇರುವ ಒಂದು ಕಂಪ್ಯೂಟರ್ ಇದೆ. ಪಿಂಚಣಿ ಲೆಕ್ಕ, ಬ್ಯಾಂಕ್ ಕೆಲಸ, ಮಗಳ ಜೊತೆ ವಿಡಿಯೊ ಕಾಲ್, ಇಷ್ಟೇ ಬಳಕೆ. ಹೋದ ತಿಂಗಳು ಪ್ರಿಂಟರ್ ಕೂಡಿಸಲು ಬಂದ ಹುಡುಗ ಫೈರ್‌ವಾಲ್ ಆಫ್ ಮಾಡಿ ಹೋದ. ಈಗ ‘ಬೇರೆ ಫೈರ್‌ವಾಲ್ ಹಾಕಿಸಿ, 2,500 ರೂಪಾಯಿ’ ಎನ್ನುತ್ತಾನೆ. ನಮ್ಮಂಥವರ ಮನೆಗೆ ಇದೆಲ್ಲ ಬೇಕೇ?

ಉತ್ತರ: ಬೇಕು ಮೇಷ್ಟ್ರೇ, ಖಂಡಿತ ಬೇಕು. ಆದರೆ ದುಡ್ಡು ಕೊಟ್ಟು ತರಬೇಕಿಲ್ಲ. ಫೈರ್‌ವಾಲ್ ಎಂದರೆ ನೆಟ್‌ವರ್ಕಿನಿಂದ ಕೇಳದೆ ಒಳಬರುವ ಸಂಪರ್ಕಗಳನ್ನು ತಡೆಯುವ ಕಾವಲುಗಾರ. ವಿಂಡೋಸ್ ಜೊತೆಗೇ ಬಂದ ಒಂದನ್ನು ಆ ಹುಡುಗ ಆಫ್ ಮಾಡಿ ಹೋದನಲ್ಲ, ಅದೇ ನಿಮಗೆ ಸಾಕು. ಮೊದಲು ಅದನ್ನು ಆನ್ ಮಾಡಿ, ಆಮೇಲೆ ಮುಂದೆ ಓದಿ. ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಿರಿ, ಅದರಲ್ಲಿ ‘ಫೈರ್‌ವಾಲ್ ಆಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’. ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂದು ಮೂರು ಹೆಸರು ಕಾಣುತ್ತವೆ, ಮೂರರಲ್ಲೂ ಆನ್ ಇರಬೇಕು. ಪ್ರಿಂಟರ್ ತಕರಾರು ಮಾಡಿದರೆ, ಅದೇ ಪುಟದಲ್ಲಿ ಅದರ ತಂತ್ರಾಂಶ ಒಂದಕ್ಕೆ ಮಾತ್ರ ಅನುಮತಿ ಕೊಡಲು ಬರುತ್ತದೆ. ಅದಕ್ಕಾಗಿ ಪೂರ್ತಿ ಫೈರ್‌ವಾಲ್ ಆಫ್ ಮಾಡಿದ್ದು ತಪ್ಪು.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2003ರ ಆಗಸ್ಟ್‌ನಲ್ಲಿ ದಾವಣಗೆರೆಯ ನನ್ನ ರಿಪೇರಿ ಅಂಗಡಿಗೆ ಒಂದೇ ಕಾಯಿಲೆಯ ಸಿಪಿಯುಗಳು ಸಾಲಾಗಿ ಬಂದವು. ಎಲ್ಲವೂ ವಿಂಡೋಸ್ ಎಕ್ಸ್‌ಪಿ. ನೆಟ್‌ಗೆ ಕನೆಕ್ಟ್ ಆದ ಸ್ವಲ್ಪ ಹೊತ್ತಿಗೆ ಪರದೆ ಮೇಲೆ ಪುಟ್ಟದೊಂದು ಕಿಟಕಿ, 60 ಸೆಕೆಂಡಿನಿಂದ ಇಳಿಯುವ ಎಣಿಕೆ, ಸೊನ್ನೆಗೆ ಬಂದೊಡನೆ ರೀಸ್ಟಾರ್ಟ್. ಬ್ಲಾಸ್ಟರ್ ಎಂಬ ವರ್ಮ್ ಅದು, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿ ಹರಡುವ ದುಷ್ಟ ತಂತ್ರಾಂಶ. ಅದು ನುಗ್ಗುವ ದೋಷವನ್ನು ಮುಚ್ಚುವ ತಿದ್ದುಪಡಿ, ಅಂದರೆ ಪ್ಯಾಚ್, ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿತ್ತು, ನನ್ನ ಗಿರಾಕಿಗಳು ಯಾರೂ ಹಾಕಿಕೊಂಡಿರಲಿಲ್ಲ. ನಾನು ಒಂದನ್ನು ಫಾರ್ಮ್ಯಾಟ್ ಮಾಡಿ, ಎಕ್ಸ್‌ಪಿ ಹೊಸದಾಗಿ ಹಾಕಿ, ಪ್ಯಾಚ್ ಇಳಿಸಲೆಂದು ಡಯಲ್-ಅಪ್ ಕನೆಕ್ಟ್ ಮಾಡಿದೆ. ಅದು ಪೂರ್ತಿ ಇಳಿಯುವ ಮುಂಚೆಯೇ ಮತ್ತೆ 60, 59, 58! ಯಾವ ಫೈಲನ್ನೂ ತೆರೆದಿರಲಿಲ್ಲ, ಮೇಲ್ ನೋಡಿರಲಿಲ್ಲ. ಸೋಂಕು ತಗುಲಿದ ಇನ್ನೆಲ್ಲಿಯದೋ ಕಂಪ್ಯೂಟರಿನಿಂದ ವರ್ಮ್ 135ನೇ ಪೋರ್ಟ್ (ನೆಟ್ ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲು) ತಟ್ಟಿ ತಾನಾಗಿ ಒಳಗೆ ಬಂದಿತ್ತು. ಮದ್ದು ಎಕ್ಸ್‌ಪಿಯೊಳಗೇ ಇತ್ತು: ಕನೆಕ್ಷನ್ನಿನ ಪ್ರಾಪರ್ಟೀಸ್‌ನಲ್ಲಿ ಫೈರ್‌ವಾಲ್‌ಗೆ ಒಂದು ಟಿಕ್. ಮೊದಲು ಟಿಕ್ ಹಾಕಿ ಆಮೇಲೆ ಕನೆಕ್ಟ್ ಮಾಡಿದೆ, ಪ್ಯಾಚ್ ನಿರಾತಂಕವಾಗಿ ಇಳಿಯಿತು. ಮರುವರ್ಷ ಬಂದ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್ ಸರ್ವಿಸ್ ಪ್ಯಾಕ್ 2 ಆ ಫೈರ್‌ವಾಲನ್ನು ತಾನೇ ಆನ್ ಮಾಡಿಡತೊಡಗಿತು.

ಈಗ ಮನೆಮನೆಯಲ್ಲೂ ಬ್ರಾಡ್‌ಬ್ಯಾಂಡ್ ರೂಟರ್ ಇದೆಯಲ್ಲ ಎಂದು ಕೇಳಬಹುದು. ಒಳಗಿನವರು ಕೇಳದೆ ಹೊರಗಿನಿಂದ ಬಂದದ್ದನ್ನು ರೂಟರ್ ಸಾಮಾನ್ಯವಾಗಿ ಅಲ್ಲೇ ತಡೆಯುತ್ತದೆ, ನಿಜ. ಆದರೆ ಹಬ್ಬಕ್ಕೆ ಬಂದ ಅಳಿಯನ ಲ್ಯಾಪ್‌ಟಾಪಿಗೆ ನಿಮ್ಮ ವೈಫೈ ಪಾಸ್‌ವರ್ಡ್ ಕೊಡುತ್ತೀರಿ. ಅದರಲ್ಲಿ ಸೋಂಕಿದ್ದರೆ ಅದು ಆಗಲೇ ರೂಟರಿನ ಈಚೆಗೆ ಬಂದಾಯಿತು. 2017ರ ಮೇ ತಿಂಗಳ ವನ್ನಾಕ್ರೈ ಎಂಬ ವರ್ಮ್ ಹೀಗೇ ಒಂದೇ ಜಾಲದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿ ಫೈಲುಗಳಿಗೆ ಬೀಗ ಹಾಕಿತು. ಅಲ್ಲಿ ಕಾಯಬೇಕಾದದ್ದು ನಿಮ್ಮ ಕಂಪ್ಯೂಟರಿನೊಳಗಿನ ಫೈರ್‌ವಾಲ್. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇದ್ದರೆ ಇವತ್ತೇ ಬದಲಿಸಿ.

ಬ್ಯಾಂಕ್ ಕೆಲಸ ಮಾಡುತ್ತೀರೆಂದು ಬರೆದದ್ದರಿಂದ ಇನ್ನೊಂದು ಮಾತು. ನಮ್ಮ ಬೀದಿಯ ಹಿರಿಯರೊಬ್ಬರಿಗೆ ‘ಬಿಲ್ ಬಾಕಿ ಇದೆ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್’ ಎಂದು ಮೆಸೇಜ್ ಬಂತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ, ಆ ಕಡೆಯವನು ಹೇಳಿದಂತೆ ಸ್ಕ್ರೀನ್ ತೋರಿಸುವ ತಂತ್ರಾಂಶವೊಂದನ್ನು ಹಾಕಿಕೊಂಡರು. ಖಾತೆ ಖಾಲಿಯಾಯಿತು. ಫೈರ್‌ವಾಲ್ ಆನ್ ಆಗಿಯೇ ಇತ್ತು. ಸಂಪರ್ಕ ಒಳಗಿನಿಂದಲೇ ಹೊರಟಿದ್ದರಿಂದ ಅದು ತಡೆಯಲಿಲ್ಲ. 2,500 ರೂಪಾಯಿಯದು ಇದ್ದಿದ್ದರೂ ಅವರೇ ‘ಅಲೋ’ ಒತ್ತಿರುತ್ತಿದ್ದರು. ಫೋನಿನಲ್ಲಿ ಯಾರು ಹೇಳಿದರೂ ಏನನ್ನೂ ಹಾಕಿಕೊಳ್ಳಬೇಡಿ. ಹಾಗೇನಾದರೂ ಹಣ ಹೋದರೆ ಕ್ಷಣವೂ ತಡಮಾಡದೆ 1930ಕ್ಕೆ ಕರೆ ಮಾಡಿ.

ಎಷ್ಟೇ ಕಾವಲಿದ್ದರೂ ಫೈಲುಗಳಿಗೆ ಬೀಗ ಬಿದ್ದರೆ ಇನ್ನೊಂದು ಪ್ರತಿ ಬೇಕಾಗುತ್ತದೆ. ಆ 2,500ಕ್ಕೆ ಇನ್ನಷ್ಟು ಸೇರಿಸಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ತನ್ನಿ. ಮಗಳು ಕಳಿಸಿದ ಫೋಟೊ, ಪಿಂಚಣಿ ಕಾಗದಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ.